ಮುಖಕ್ಕೆ ಕಳೆ ಬರುವುದು ಎಲ್ಲಿಂದ? ಪೆನ್ಸಿಲ್ ಭಾವಚಿತ್ರದಲ್ಲಿ ಗೆರೆ ಮತ್ತು ನೆರಳು

ಕಣ್ಣು ಸರಿಯಾಗಿದೆ. ಮೂಗು ಸರಿಯಾಗಿದೆ. ತುಟಿಯೂ ಅವರದ್ದೇ. ಆದರೂ ಹಾಳೆಯ ಮೇಲೆ ಆ ಮನುಷ್ಯ ಇಲ್ಲ. ಪೆನ್ಸಿಲ್ ಹಿಡಿದು ಮುಖ ಬರೆಯಲು ಕೂತವರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ಮನೆಯವರು ನೋಡಿ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ: "ಹೋಲಿಕೆ ಇದೆ, ಆದ್ರೆ ಕಳೆ ಇಲ್ಲ."

ಕಳೆ ಅನ್ನುವ ಪದ ನನಗೆ ತುಂಬಾ ಇಷ್ಟ. ಹೋಲಿಕೆ ಬೇರೆ, ಕಳೆ ಬೇರೆ ಅನ್ನುವುದು ಚಿತ್ರ ಕಲಿಯದವರಿಗೂ ಗೊತ್ತಿದೆ ಅಂತಾಯಿತು. ಹೋಲಿಕೆ ಅಳತೆಯಿಂದ ಬರುತ್ತದೆ. ಕಳೆ ಬರಬೇಕಾದರೆ ಬೇರೆ ಕೆಲವು ತೀರ್ಮಾನಗಳು ಬೇಕು. ಗೆರೆ ಎಲ್ಲಿ ಗಟ್ಟಿ, ಎಲ್ಲಿ ತೆಳು? ಯಾವ ನೆರಳು ಯಾವುದರ ಜೊತೆ ಸೇರಬೇಕು? ಯಾವುದನ್ನು ಬರೆಯದೆ ಬಿಡಬೇಕು? ಇವನ್ನು ಯಾವ ಕ್ರಮದಲ್ಲಿ ತೀರ್ಮಾನಿಸುವುದು ಅಂತ ಇಲ್ಲಿ ಹೇಳುತ್ತೇನೆ.

ಉದಾಹರಣೆಗೆ ಒಂದೇ ಚಿತ್ರವನ್ನು ಇಟ್ಟುಕೊಳ್ಳೋಣ. ಸಾಗರದ ಹತ್ತಿರ ನಮ್ಮ ಊರಿನ ಮನೆಯಲ್ಲಿ, ಜಗಲಿಯ ಮೇಲೆ ಕೂತು ಎಲೆಅಡಿಕೆಯ ಕವಳ ಹಾಕುತ್ತಿದ್ದ ದೊಡ್ಡಮ್ಮನ ಚಿತ್ರ. ಎರಡು ಸಲ ಕೆಡಿಸಿ, ಮೂರನೇ ಸಲಕ್ಕೆ ಬಂದದ್ದು.

ಸಾಮಾನು

ನಾಲ್ಕು ಪೆನ್ಸಿಲ್ ಸಾಕು: ಎಚ್‌ಬಿ, 2ಬಿ, 4ಬಿ, 6ಬಿ. ಕ್ಯಾಮ್ಲಿನ್ ಆಗಲಿ ಅಪ್ಸರಾ ಆಗಲಿ, ಯಾವುದಾದರೂ ನಡೆಯುತ್ತದೆ. ಪೆನ್ಸಿಲ್ಲಿನ ಕಡ್ಡಿ ಅಂದರೆ ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣು ಕಲಸಿ ಸುಟ್ಟದ್ದು. ಈ ವಿಧಾನಕ್ಕೆ ಫ್ರಾನ್ಸಿನ ಕೋಂಟೆ ಎಂಬಾತ 1795ರಲ್ಲಿ ಪೇಟೆಂಟ್ ಪಡೆದ. ಮಣ್ಣು ಜಾಸ್ತಿಯಾದರೆ ಕಡ್ಡಿ ಗಡುಸು, ಗ್ರಾಫೈಟ್ ಜಾಸ್ತಿಯಾದರೆ ಮೆದು ಮತ್ತು ಕಪ್ಪು. ಬಿ ಜೊತೆಗಿನ ಅಂಕಿ ದೊಡ್ಡದಾದಷ್ಟೂ ಕಡ್ಡಿ ಹೆಚ್ಚು ಮೆದು, ಹೆಚ್ಚು ಕಪ್ಪು. ಆದರೆ ಎಷ್ಟೇ ಮೆದುವಾದರೂ ಗ್ರಾಫೈಟ್ ಇದ್ದಿಲಿನಷ್ಟು ಕಪ್ಪಾಗುವುದಿಲ್ಲ. ಜಾಸ್ತಿ ಒತ್ತಿದರೆ ಮಿಂಚಲು ಶುರುವಾಗುತ್ತದೆ, ಅಷ್ಟೇ. ಹಾಗಾಗಿ ನಮ್ಮ ಹತ್ತಿರ ಇರುವ ಕಪ್ಪಿನ ಬಂಡವಾಳ ಸಣ್ಣದು. ಅದನ್ನು ಎಲ್ಲೆಂದರಲ್ಲಿ ಖರ್ಚು ಮಾಡುವಂತಿಲ್ಲ.

ಮೆಂಡರ್ ಬೇಡ, ಬ್ಲೇಡಿನಿಂದ ಕೆತ್ತಿ. ಕಡ್ಡಿ ಒಂದೂವರೆ ಸೆಂಟಿಮೀಟರ್ ಹೊರಗಿರಲಿ. ತುದಿಯಿಂದ ಕೂದಲೆಳೆಯಂಥ ಗೆರೆ ಬರುತ್ತದೆ, ಪಕ್ಕಕ್ಕೆ ಒರಗಿಸಿದರೆ ಅಗಲವಾದ ಮೆತ್ತಗಿನ ನೆರಳು ಬರುತ್ತದೆ. ಮೆಂಡರಿನ ಮೊಂಡು ತುದಿಯಲ್ಲಿ ಈ ಎರಡೂ ಆಗುವುದಿಲ್ಲ. ಹಾಳೆ 130 ಜಿಎಸ್‌ಎಂಗಿಂತ (ಅಂದರೆ ಒಂದು ಚದರ ಮೀಟರ್ ಹಾಳೆಗೆ ಇಷ್ಟು ಗ್ರಾಂ ತೂಕ) ದಪ್ಪ ಇರಲಿ, ಮುಟ್ಟಿದರೆ ಸ್ವಲ್ಪ ತರಿ ಸಿಗಬೇಕು. ಒಂದು ಮಾಮೂಲಿ ರಬ್ಬರ್ ಇರಲಿ. ಇನ್ನೊಂದು, ಚಪಾತಿ ಹಿಟ್ಟಿನಂತೆ ಹಿಸುಕಿ ಆಕಾರ ಮಾಡಬಹುದಾದ ನೀಡಬಲ್ ರಬ್ಬರ್. ಇದರಿಂದ ಉಜ್ಜಬಾರದು, ಒತ್ತಿ ಎತ್ತಬೇಕು.

ಬೆಳಕು

ಮುಖ ಕೆಡುವುದು ಅರ್ಧ ಪಾಲು ಇಲ್ಲೇ. ನಡುಮನೆಯ ಟ್ಯೂಬ್‌ಲೈಟ್ ಕೆಳಗೆ ಕೂರಿಸಿದರೆ ಬೆಳಕು ಎಲ್ಲ ಕಡೆಯಿಂದ ಬಂದು ಮುಖ ರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ನೆರಳೇ ಇಲ್ಲದ ಮೇಲೆ ಶೇಡಿಂಗ್ ಮಾಡುವುದು ಯಾವುದನ್ನು? ಆಗ ನಾವು ಊಹೆಯಿಂದ ಕೆನ್ನೆಗೊಂದಿಷ್ಟು, ಗಲ್ಲಕ್ಕೊಂದಿಷ್ಟು ಮಸಿ ಬಳಿಯುತ್ತೇವೆ. ನನ್ನ ಮೊದಲ ಚಿತ್ರ ಹಾಳಾದದ್ದು ಹೀಗೆಯೇ.

ಒಂದೇ ಕಿಟಕಿ ಇರಲಿ. ಕೂತವರ ತಲೆಗಿಂತ ಸ್ವಲ್ಪ ಮೇಲಿನಿಂದ, ಒಂದು ಪಕ್ಕದಿಂದ ಬೆಳಕು ಬರಲಿ. ದೀಪಗಳನ್ನು ಆರಿಸಿ. ನೇರ ಬಿಸಿಲು ಬೇಡ. ಮೋಡ ಕವಿದ ದಿನ ಸಿಕ್ಕರೆ ಪುಣ್ಯ, ಬೆಳಕು ಗಂಟೆಗಟ್ಟಲೆ ಒಂದೇ ಥರ ಇರುತ್ತದೆ. ದೊಡ್ಡಮ್ಮನನ್ನು ಬರೆದದ್ದು ಆಷಾಢದಲ್ಲಿ. ಜಗಲಿಯ ಒಂದು ಕಡೆ ಅಂಗಳ, ಇನ್ನೊಂದು ಕಡೆ ಕತ್ತಲ ಕೋಣೆಯ ಬಾಗಿಲು. ಅವರ ಎಡಗೆನ್ನೆಗೆ ಬೆಳಕು, ಬಲಗೆನ್ನೆಗೆ ನೆರಳು.

ನೀವು ಆರು ಅಡಿ ದೂರ ಕೂತುಕೊಳ್ಳಿ. ನಿಮ್ಮ ಕಣ್ಣು, ಅವರ ಕಣ್ಣು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಲಿ.

ಮೊದಲು ಕೂತ ಭಂಗಿ, ಆಮೇಲೆ ಮುಖ

ಐದು ನಿಮಿಷ ಪೆನ್ಸಿಲ್ ಮುಟ್ಟಬೇಡಿ, ಸುಮ್ನೆ ನೋಡಿ. ಬೆಂಗಳೂರಿನ ಚಿತ್ರಸಂತೆಗೆ ಹೋದರೆ ಕುಮಾರಕೃಪಾ ರಸ್ತೆಯ ಬದಿಯಲ್ಲಿ ಕೂತು ಹೋಗಿಬರುವವರ ಮುಖ ಬರೆದುಕೊಡುವ ಕಲಾವಿದರು ಸಿಗುತ್ತಾರೆ. ಅವರ ಚಿತ್ರಕ್ಕಿಂತ ಅವರ ಕಣ್ಣನ್ನು ಗಮನಿಸಿ. ಕೈ ಪಳಗಿದವರು ಹಾಳೆಗಿಂತ ಮುಖವನ್ನೇ ಜಾಸ್ತಿ ಹೊತ್ತು ನೋಡುತ್ತಾರೆ.

ಯಾರೂ ಪಾಸ್‌ಪೋರ್ಟ್ ಫೋಟೋದ ಥರ ಕೂರುವುದಿಲ್ಲ. ತಲೆ ಒಂದು ಕಡೆ ವಾಲಿರುತ್ತದೆ, ಒಂದು ಭುಜ ಇಳಿದಿರುತ್ತದೆ, ಕತ್ತು ಮುಂದೆ ಬಂದಿರುತ್ತದೆ. ದೂರದಿಂದ, ಮುಖವೇ ಕಾಣದಿದ್ದರೂ, "ಅದೋ ದೊಡ್ಡಮ್ಮ ಬಂದ್ರು" ಅನ್ನುತ್ತೇವಲ್ವಾ? ಆ ಗುರುತು ಇರುವುದು ಈ ಓರೆಯಲ್ಲಿ. ಎಚ್‌ಬಿಯಲ್ಲಿ, ಪೆನ್ಸಿಲ್ಲಿನ ಹಿಂಭಾಗ ಹಿಡಿದು, ಹಗುರವಾಗಿ ಮೂರೇ ಗೆರೆ ಎಳೆಯಿರಿ: ತಲೆ ವಾಲಿದ ಗೆರೆ, ಕತ್ತಿನ ಗೆರೆ, ಭುಜದಿಂದ ಭುಜಕ್ಕೆ ಒಂದು ಗೆರೆ. ಈ ಮೂರು ತಪ್ಪಿದರೆ ಮುಂದೆ ರೆಪ್ಪೆ ಎಷ್ಟು ಚೆನ್ನಾಗಿ ಬರೆದರೂ ಪ್ರಯೋಜನ ಇಲ್ಲ. ನನ್ನ ಎರಡನೇ ಚಿತ್ರದಲ್ಲಿ ದೊಡ್ಡಮ್ಮನ ಕತ್ತನ್ನು ನೆಟ್ಟಗೆ ಮಾಡಿಬಿಟ್ಟಿದ್ದೆ. ಯಾರೋ ಹೆಡ್‌ಮಾಸ್ಟರ್ ಬಂದು ಕೂತ ಹಾಗಿತ್ತು.

ಅಳತೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ತಲೆಯ ನೆತ್ತಿಯಿಂದ ಗದ್ದದವರೆಗಿನ ಎತ್ತರದ ನಟ್ಟನಡುವೆ ಕಣ್ಣು ಬರುತ್ತದೆ. ಹೊಸಬರು ಬಹುತೇಕ ಮೇಲೆ ಇಟ್ಟುಬಿಡುತ್ತಾರೆ. ಕೂದಲ ಅಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗದ್ದ, ಈ ಮೂರೂ ಸುಮಾರು ಸಮ. ಇದು ಬರೀ ಸೂತ್ರ. ಮುಖ ಸೂತ್ರವನ್ನು ಎಲ್ಲಿ ಮುರಿಯುತ್ತದೋ ಅಲ್ಲೇ ಹೋಲಿಕೆ ಸಿಗುತ್ತದೆ. ಹಲ್ಲು ಬಿದ್ದ ವಯಸ್ಸಾದವರಲ್ಲಿ ಮೂಗಿನಿಂದ ಗದ್ದದ ದೂರ ಕಡಿಮೆಯಾಗಿರುತ್ತದೆ, ತುಟಿ ಒಳಗೆ ಹೋಗಿರುತ್ತದೆ, ಕಿವಿ ಉದ್ದವಾಗಿರುತ್ತದೆ. ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಸರಿಸಿ ಅಳೆದುಕೊಳ್ಳಿ. ಮೊದಲು ಎಲ್ಲವನ್ನೂ ನೇರ ಗೆರೆಗಳಲ್ಲೇ ಕಟ್ಟಿ. ದುಂಡಗೆ ಮಾಡುವುದು ಆಮೇಲೆ.

ನೆರಳು ಒಂದು ದೇಶದ ನಕ್ಷೆ

ಈಗ ಕಣ್ಣನ್ನು ಅರ್ಧ ಮುಚ್ಚಿ, ರೆಪ್ಪೆಯ ಸಂದಿಯಿಂದ ನೋಡಿ. ಸಣ್ಣಪುಟ್ಟದ್ದೆಲ್ಲ ಮಾಯವಾಗಿ ಎರಡೇ ಉಳಿಯುತ್ತವೆ: ಬೆಳಕಿನ ಭಾಗ, ನೆರಳಿನ ಭಾಗ. ಇವೆರಡರ ನಡುವಿನ ಗಡಿಯನ್ನು ನಕ್ಷೆಯ ಗಡಿಯಂತೆ ತೆಳುವಾಗಿ ಬರೆಯಿರಿ. ದೊಡ್ಡಮ್ಮನ ಹಣೆಯ ಬಲಭಾಗದಿಂದ ಇಳಿದ ನೆರಳು ಕಣ್ಣಿನ ಗುಳಿಯೊಳಗೆ ಹೋಗಿ, ಮೂಗಿನ ಪಕ್ಕದಲ್ಲಿ ಜಾರಿ, ಕೆನ್ನೆಯಲ್ಲಿ ಹರಡಿ, ಗದ್ದದ ಕೆಳಗೆ ಕತ್ತಿನ ನೆರಳಿಗೆ ಸೇರುತ್ತಿತ್ತು. ಎಲ್ಲೂ ತುಂಡಾಗಿರಲಿಲ್ಲ.

ಹೊಸಬರು ಕಣ್ಣಿಗೊಂದು, ಮೂಗಿಗೊಂದು, ತುಟಿಗೊಂದು ಅಂತ ಬೇರೆಬೇರೆ ನೆರಳು ಮಾಡುತ್ತಾರೆ. ಆಗ ಮುಖ ಬಿಡಿಭಾಗಗಳ ಅಂಗಡಿಯಾಗುತ್ತದೆ. ನೆರಳು ಒಂದಾಗಿ ಹರಿದರೆ ಇಡೀ ತಲೆ ಒಂದೇ ವಸ್ತುವಾಗಿ, ಒಂದೇ ಬೆಳಕಿನಲ್ಲಿ ಕೂತಂತೆ ಕಾಣುತ್ತದೆ. ಎದುರಿಗೆ ಒಬ್ಬರು ಇದ್ದಾರೆ ಅನ್ನಿಸುವುದು ಮೊದಲು ಇಲ್ಲಿ.

ಆ ನೆರಳಿನ ನಕ್ಷೆ ಪೂರ್ತಿಯನ್ನು 2ಬಿಯಿಂದ ಒಂದೇ ಹದದಲ್ಲಿ ತುಂಬಿ. ಒಳಗಿನ ವಿವರ ಈಗ ಬೇಡ. ಬೆಳಕಿನ ಭಾಗದಲ್ಲಿ ಏನೂ ಮಾಡಬೇಡಿ. ಹಾಳೆಯನ್ನು ಎದುರಿನ ಗೋಡೆಗೆ ಒರಗಿಸಿ ಹಿಂದೆ ಸರಿದು ನೋಡಿ. ಈ ಹಂತದಲ್ಲೇ ಅವರು ಯಾರೆಂದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಮುಂದೆ ಹೋಗದೆ ಇಲ್ಲೇ ತಿದ್ದಿ. ಕಣ್ಣು ಬರೆದ ಮೇಲೆ ಅಳಿಸಲು ಮನಸ್ಸು ಬರುವುದಿಲ್ಲ.

ಅಂಚುಗಳು

ನೆರಳಿನ ಗಡಿ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಮೂಗು ತನ್ನ ಕೆಳಗೆ ಚೆಲ್ಲುವ ನೆರಳಿನ ಅಂಚು ಚೂಪು. ಕೆನ್ನೆ ದುಂಡಗೆ ತಿರುಗುವಲ್ಲಿ ಅಂಚು ಮೆತ್ತಗೆ, ಎಲ್ಲಿ ಬೆಳಕು ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹಣೆಯ ಮೂಳೆ ತಿರುಗುವಲ್ಲಿ ಇವೆರಡರ ನಡುವಿನದು. ಇನ್ನು ಬಲಗಡೆ ತುರುಬು ಮತ್ತು ಕತ್ತಲ ಬಾಗಿಲು ಒಂದರಲ್ಲೊಂದು ಕರಗಿಹೋಗಿದ್ದವು, ಅಂಚೇ ಇರಲಿಲ್ಲ. ಅಲ್ಲಿ ಗೆರೆ ಎಳೆಯಬೇಡಿ. ನೋಡುವವರ ಕಣ್ಣು ಅದನ್ನು ತಾನೇ ತುಂಬಿಕೊಳ್ಳುತ್ತದೆ. ಆ ತುಂಬಿಕೊಳ್ಳುವ ಕೆಲಸದಲ್ಲೇ ಚಿತ್ರ ಉಸಿರಾಡುವುದು.

ನೆರಳಿನ ಒಳಗೂ ಸ್ವಲ್ಪ ಬೆಳಕಿರುತ್ತದೆ. ದೊಡ್ಡಮ್ಮನ ದವಡೆಯ ಕೆಳಗೆ ಬಿಳಿ ಸೀರೆಯಿಂದ ಪುಟಿದ ಬೆಳಕು ಮಂದವಾಗಿ ಕಾಣುತ್ತಿತ್ತು. ಅದರಿಂದಾಗಿ ನೆರಳು ಅತಿ ಗಾಢ ಇರುವುದು ತುದಿಯಲ್ಲಿ ಅಲ್ಲ, ಬೆಳಕಿನ ಗಡಿಯ ಹತ್ತಿರ. 4ಬಿಯಿಂದ ಆ ಪಟ್ಟಿಯನ್ನು ಇನ್ನೊಂದು ಸುತ್ತು ಕಪ್ಪು ಮಾಡಿ. ಆದರೆ ಪುಟಿದ ಬೆಳಕನ್ನು ನಂಬಬೇಡಿ. ದಿಟ್ಟಿಸಿದಷ್ಟೂ ಅದು ಪ್ರಖರವಾಗಿ ಕಂಡು ಮೋಸ ಮಾಡುತ್ತದೆ. ನೆರಳಿನೊಳಗಿನ ಅತಿ ಬೆಳಗಾದ ಜಾಗವೂ ಬೆಳಕಿನ ಭಾಗದ ಅತಿ ಮಂದ ಜಾಗಕ್ಕಿಂತ ಕಪ್ಪಗೇ ಇರಬೇಕು. ಈ ಒಂದು ನಿಯಮ ಮೀರಿದರೆ ಮುಖ ತಗಡಿನಂತೆ ಕಾಣುತ್ತದೆ.

ನಮ್ಮ ಮೈಬಣ್ಣ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಟರ್‌ನೆಟ್ಟಿನ ಪಾಠಗಳಲ್ಲಿ ಹೆಚ್ಚಿನವು ಬಿಳಿ ತ್ವಚೆಯನ್ನು ಇಟ್ಟುಕೊಂಡು ಮಾಡಿದವು. ಅಲ್ಲಿ ಹಾಳೆಯ ಬಿಳುಪೇ ಚರ್ಮದ ಬಣ್ಣ. ಅದನ್ನೇ ನೋಡಿ ಕಲಿತವರು ಎಣ್ಣೆಗಪ್ಪಿನ ಮುಖ ಬರೆಯುವಾಗ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಒಂದೋ ಮುಖವನ್ನು ಬೆಳ್ಳಗೆ ಮಾಡಿಬಿಡುತ್ತಾರೆ. ಇಲ್ಲವೋ ಎಲ್ಲದಕ್ಕೂ ಒಂದೇ ಸಮ ಮಸಿ ಬಳಿದು, ಬಣ್ಣ ಯಾವುದು ನೆರಳು ಯಾವುದು ಎಂಬುದೇ ತಿಳಿಯದ ಹಾಗೆ ಮಾಡುತ್ತಾರೆ.

ನಾನು ಮಾಡುವುದು ಹೀಗೆ. ನೆರಳಿನ ನಕ್ಷೆ ಆದ ಮೇಲೆ ಬೆಳಕಿನ ಭಾಗಕ್ಕೂ 2ಬಿಯನ್ನು ಪಕ್ಕಕ್ಕೆ ಒರಗಿಸಿ ಒಂದು ಹಗುರ ಪದರ ಕೊಡುತ್ತೇನೆ. ಅದು ಚರ್ಮದ ಬಣ್ಣ. ನೆರಳನ್ನು ಅದೇ ಲೆಕ್ಕದಲ್ಲಿ 4ಬಿಗೆ ಇಳಿಸುತ್ತೇನೆ. ಆಮೇಲೆ ನೀಡಬಲ್ ರಬ್ಬರನ್ನು ಚೂಪು ಮಾಡಿ ಬೆಳಕು ಮಿಂಚುವ ಜಾಗಗಳಲ್ಲಿ ಮಾತ್ರ ಒತ್ತಿ ಎತ್ತುತ್ತೇನೆ: ಹಣೆಯ ಉಬ್ಬು, ಕೆನ್ನೆಯ ಮೂಳೆ, ಮೂಗಿನ ಬೆನ್ನು. ಕಪ್ಪು ಚರ್ಮದ ಮೇಲೆ ಈ ಮಿಂಚು ಚಿಕ್ಕದಾಗಿ, ಚೂಪಾಗಿ ಇರುತ್ತದೆ, ಬೆವರಿದ್ದರಂತೂ ಇನ್ನೂ ಜಾಸ್ತಿ. ಮುಖದ ಎಲುಬಿನ ಕಟ್ಟು ತಿಳಿಯುವುದು ಅದರಿಂದಲೇ. ಹಾಳೆಯ ಪೂರ್ತಿ ಬಿಳುಪು ದೊಡ್ಡಮ್ಮನ ಚಿತ್ರದಲ್ಲಿ ಮೂರೇ ಕಡೆ ಉಳಿಯಿತು. ಸೀರೆಯ ಭುಜ, ಮೂಗುತಿಯ ಹರಳು, ಬೆಳಕಿನ ಕಡೆಯ ಕಣ್ಣಿನ ಚುಕ್ಕೆ.

ಬೆರಳಿನಿಂದ ಉಜ್ಜಲೇಬೇಡಿ. ಬೆರಳಿನ ಎಣ್ಣೆ ಹಾಳೆಗೆ ಹತ್ತಿ ಕಲೆಯಾಗುತ್ತದೆ, ಆಮೇಲೆ ರಬ್ಬರಿಗೂ ಬಗ್ಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಉಜ್ಜಿದ ಚರ್ಮ ಮೇಣದ ಗೊಂಬೆಯದಾಗುತ್ತದೆ. ಸಣ್ಣ ಸಣ್ಣ ಗೆರೆಗಳನ್ನು ಪಕ್ಕಪಕ್ಕದಲ್ಲಿ ಹೆಣೆದು ನೆರಳು ಮಾಡಿ. ಗೆರೆಯ ದಿಕ್ಕು ಮೈಯ ತಿರುವನ್ನು ಹಿಂಬಾಲಿಸಲಿ: ಕತ್ತಿನಲ್ಲಿ ಬಳೆ ತೊಡಿಸಿದಂತೆ ಸುತ್ತಿ, ಹಣೆಯಲ್ಲಿ ವಿಭೂತಿ ಎಳೆದಂತೆ ಅಡ್ಡಡ್ಡ ಬಾಗಿ, ಕೆನ್ನೆಯಲ್ಲಿ ಕಿವಿಯಿಂದ ಬಾಯಿಯ ಕಡೆಗೆ ಇಳಿದು.

ಗೆರೆ ಎಲ್ಲಿ ಒತ್ತಬೇಕು

ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ನೆರಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಆದರೂ ಕುಣಿಯುವವರ ಭಾರ, ವೇಗ ಎಲ್ಲ ತಿಳಿಯುತ್ತದೆ. ಗೆರೆಯೊಂದೇ ಅಷ್ಟು ಕೆಲಸ ಮಾಡಬಲ್ಲದು.

ತಂತಿ ಬಗ್ಗಿಸಿದಂತೆ ಒಂದೇ ದಪ್ಪದ ಗೆರೆಯಿಂದ ಮುಖದ ಸುತ್ತ ಬೇಲಿ ಹಾಕಿದರೆ ಮುಖ ಹಾಳೆಗೆ ಅಂಟಿಸಿದ ಸ್ಟಿಕರ್ ಆಗುತ್ತದೆ. ಮೂಳೆ ಚರ್ಮಕ್ಕೆ ಹತ್ತಿರ ಇರುವಲ್ಲಿ ಗೆರೆ ಬಿಗಿಯಾಗಲಿ: ಹುಬ್ಬಿನ ಮೂಳೆ, ಕೆನ್ನೆ, ದವಡೆಯ ಮೂಲೆ. ಮಾಂಸ ಸಡಿಲ ಇರುವಲ್ಲಿ ಗೆರೆಯೂ ಸಡಿಲವಾಗಲಿ. ಒಂದು ಇನ್ನೊಂದರ ಮೇಲೆ ಒತ್ತುವಲ್ಲಿ, ಅಂದರೆ ಮೇಲ್ರೆಪ್ಪೆ ಕಣ್ಣಿನ ಮೇಲೆ, ಗದ್ದ ಕತ್ತಿನ ಮೇಲೆ, ಸೆರಗು ಭುಜದ ಮೇಲೆ, ಅಲ್ಲೆಲ್ಲ ಒತ್ತಿ ಬರೆಯಿರಿ. ಬೆಳಕು ಬಡಿಯುವ ಕಡೆಯ ಹೊರಗೆರೆ ತೆಳುವಾಗಿ, ನಡುನಡುವೆ ಕಡಿದುಹೋಗಲಿ. ನೆರಳಿನ ಕಡೆ ಗೆರೆ ನೆರಳೊಳಗೇ ಮುಳುಗಲಿ. ದೊಡ್ಡಮ್ಮನ ಎಡಗೆನ್ನೆಗೆ ನಾನು ಹೊರಗೆರೆಯನ್ನೇ ಹಾಕಲಿಲ್ಲ. ಹಿಂದಿನ ಗೋಡೆಗೆ ಸ್ವಲ್ಪ ನೆರಳು ಕೊಟ್ಟೆ, ಕೆನ್ನೆ ತಾನೇ ಮುಂದೆ ಬಂತು.

ಸುಕ್ಕುಗಳ ವಿಷಯದಲ್ಲಿ ಆಸೆಬುರುಕರಾಗಬೇಡಿ. ಸುಕ್ಕು ಗೆರೆಯಲ್ಲ, ಪುಟ್ಟ ಮಡಿಕೆ. ಅದಕ್ಕೂ ಒಂದು ಚೂಪು ಅಂಚು, ಒಂದು ಮೆತ್ತನೆ ಅಂಚು ಇರುತ್ತದೆ. ಜರ್ಮನಿಯ ಕಲಾವಿದ ಡ್ಯೂರರ್ 1514ರಲ್ಲಿ ತನ್ನ 63 ವರ್ಷದ ತಾಯಿಯನ್ನು ಇದ್ದಿಲಿನಲ್ಲಿ ಬರೆದ. ಹದಿನೆಂಟು ಮಕ್ಕಳನ್ನು ಹೆತ್ತ ಆಕೆ ಅದೇ ವರ್ಷ ತೀರಿಹೋದಳು. ಹಣೆಯ ಮೇಲೆ ಒಂದಿಷ್ಟು ಗೆರೆ, ಎದ್ದು ಕಾಣುವ ಕತ್ತಿನ ನರ, ಒಳಗೆ ಹೋದ ಕೆನ್ನೆ. ತಲೆವಸ್ತ್ರಕ್ಕೆ ಬೀಸುಗೆರೆ. ಇದ್ದಿಲು ಪೆನ್ಸಿಲ್ ಅಲ್ಲ, ಆದರೆ ಆಯ್ದು ಬರೆಯುವುದು ಅಂದರೆ ಏನು ಅಂತ ತಿಳಿಯಲು ಆ ಒಂದು ಚಿತ್ರ ಸಾಕು. ದೊಡ್ಡಮ್ಮನ ಮುಖದಲ್ಲಿ ನೂರಾರು ಸುಕ್ಕಿದ್ದವು. ನಾನು ಉಳಿಸಿಕೊಂಡದ್ದು ಕಣ್ಣಿನ ಮೂಲೆಯವು ಮತ್ತು ಕವಳ ಜಗಿದು ಜಗಿದು ಬಾಯಿಯ ಬದಿಯಲ್ಲಿ ಬಿದ್ದ ಎರಡು.

ಕಣ್ಣು, ಬಾಯಿ

ಗಣಪತಿ ಮಾಡುವವರು ಕಣ್ಣನ್ನು ಕೊನೆಗೆ ಬರೆಯುತ್ತಾರೆ. ಪೆನ್ಸಿಲ್ಲಿನಲ್ಲೂ ನಾನು ಹಾಗೇ ಮಾಡುವುದು, ಆದರೆ ಕಣ್ಣಿನ ಗುಳಿಯ ನೆರಳನ್ನು ಮೊದಲೇ ಮುಗಿಸಿರುತ್ತೇನೆ. ನೋಟದ ಅರ್ಧ ಇರುವುದು ಗುಳಿಯಲ್ಲೇ.

ಕಣ್ಣಿನ ಬಿಳಿ ಬಿಳಿಯಲ್ಲ. ಅದೊಂದು ಗುಂಡು, ರೆಪ್ಪೆಯ ನೆರಳು ಅದರ ಮೇಲೆ ಬೀಳುತ್ತದೆ. ಹಾಳೆಯ ಬಿಳುಪನ್ನು ಹಾಗೇ ಬಿಟ್ಟರೆ ಹೆದರಿದ ಕಣ್ಣಾಗುತ್ತದೆ. ಕರಿಗುಡ್ಡೆ ಪೂರ್ತಿ ದುಂಡಗೆ ಕಂಡರೂ ಅದೇ ಕಥೆ. ಮೇಲ್ರೆಪ್ಪೆ ಅದರ ಸ್ವಲ್ಪ ಭಾಗವನ್ನು ಮುಚ್ಚಲಿ. ಕೆಳರೆಪ್ಪೆಗೆ ಒಂದು ದಪ್ಪ ಇದೆ, ಬೆಳಕು ಅದರ ಮೇಲೆ ಕೂರುತ್ತದೆ, ಅದನ್ನು ಕಪ್ಪು ಗೆರೆಯಿಂದ ಮುಚ್ಚಬೇಡಿ. ರೆಪ್ಪೆಕೂದಲು ಒಂದೊಂದಾಗಿ ಎಣಿಸಿ ಬರೆಯುವುದು ಬೇಡವೇ ಬೇಡ. ಬೆಳಕಿನ ಚುಕ್ಕೆ ಕಿಟಕಿ ಇರುವ ಕಡೆಗೇ ಬೀಳಬೇಕು, ನೆರಳಿನ ಕಣ್ಣಿನಲ್ಲಿ ಅದು ಮಂಕಾಗಿರಬೇಕು. ಎರಡು ಕಣ್ಣನ್ನೂ ಒಂದೇ ಥರ ತಿದ್ದುವ ಚಟ ನಮಗೆಲ್ಲ ಇದೆ. ಬಿಟ್ಟುಬಿಡಿ. 6ಬಿ ಕೈಗೆತ್ತಿಕೊಳ್ಳುವುದು ಇಲ್ಲಿ: ಪಾಪೆ, ಮೇಲ್ರೆಪ್ಪೆಯ ಅಡಿ. ಕೂಡಿಟ್ಟ ಕಪ್ಪನ್ನು ಖರ್ಚು ಮಾಡುವ ಜಾಗ ಇದು.

ಬಾಯಿಗೆ ಹೊರಗೆರೆ ಬೇಡ. ಎರಡು ತುಟಿಯ ನಡುವಿನ ಗೆರೆಯೇ ಮುಖ್ಯ, ಅದೂ ಒಂದೇ ದಪ್ಪದ್ದಲ್ಲ. ಮೂಲೆಯಲ್ಲಿ ಆಳ, ನಡುವೆ ಒಂದಿಷ್ಟು, ಉಳಿದ ಕಡೆ ಹಗುರ. ಬೆಳಕು ಮೇಲಿನಿಂದ ಬಂದಾಗ ಮೇಲ್ತುಟಿ ನೆರಳಲ್ಲಿ, ಕೆಳತುಟಿ ಬೆಳಕಲ್ಲಿ ಇರುತ್ತದೆ. ಮುನಿಸೋ ನಗುವೋ ಎಂಬುದು ಬಾಯಿಯ ಮೂಲೆಯ ಒಂದು ಮಿಲಿಮೀಟರಿನಲ್ಲಿ ತೀರ್ಮಾನವಾಗುತ್ತದೆ. ಮೂಗಿನ ಹೊಳ್ಳೆಗಳನ್ನು ಎರಡು ಕಪ್ಪು ತೂತು ಮಾಡಬೇಡಿ, ಕೆಳಭಾಗದ ನೆರಳಿನೊಳಗೆ ಸ್ವಲ್ಪ ಗಾಢ ಮಾಡಿದರೆ ಸಾಕು.

ಫೋಟೋ ನೋಡಿ ಬರೆಯುವವರಿಗೆ

ತೀರಿಹೋದವರ ಚಿತ್ರ ಬರೆದುಕೊಡಿ ಅಂತ ಜನ ಕೇಳುತ್ತಾರೆ. ಸಿಗುವುದು ಆಧಾರ್ ಕಾರ್ಡಿನ ಫೋಟೋ, ಇಲ್ಲವೇ ಮದುವೆಯ ಗ್ರೂಪ್ ಫೋಟೋದಲ್ಲಿ ಎರಡನೇ ಸಾಲಿನ ಮುಖ. ಫ್ಲ್ಯಾಶ್ ಬಿದ್ದ ಫೋಟೋದಲ್ಲಿ ನೆರಳೇ ಇರುವುದಿಲ್ಲ. ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಿರುತ್ತದೆ. ಪಕ್ಕದ ಬೆಳಕಿನಲ್ಲಿ ದೂರದಿಂದ ತೆಗೆದದ್ದು ಒಂದಾದರೂ ಹುಡುಕಿಕೊಡಿ ಅಂತ ಹೇಳಿ. ಮುಖ ಚಿಕ್ಕದಾದರೂ ಚಿಂತೆಯಿಲ್ಲ. ಜೊತೆಗೆ, ಅವರು ಹೇಗೆ ಕೂರುತ್ತಿದ್ದರು ಅಂತ ಮನೆಯವರನ್ನು ಕೇಳಿ.

ಎಲ್ಲಿ ನಿಲ್ಲಿಸುವುದು

1815ರಲ್ಲಿ ನೆಪೋಲಿಯನ್ ಸೋತ ಮೇಲೆ ರೋಮಿನಲ್ಲಿದ್ದ ಫ್ರೆಂಚ್ ಕಲಾವಿದ ಆಂಗ್ರನಿಗೆ ಕೆಲಸ ಕೊಡುವವರು ಇಲ್ಲವಾದರು. ಹೊಟ್ಟೆಪಾಡಿಗೆ ಪ್ರವಾಸಿಗರ ಪೆನ್ಸಿಲ್ ಚಿತ್ರ ಬರೆದುಕೊಟ್ಟ. ದೊಡ್ಡ ತೈಲಚಿತ್ರಗಳೇ ತನ್ನ ನಿಜವಾದ ಕೆಲಸ ಅಂದುಕೊಂಡಿದ್ದ ಅವನಿಗೆ ಇದು ಅಷ್ಟಾಗಿ ಹಿಡಿಸಿರಲಿಲ್ಲ. ಆದರೆ 1819ರಲ್ಲಿ ಬರೆದ ಪಿಟೀಲುಗಾರ ಪಗನಿನಿಯ ಚಿತ್ರ ನೋಡಿ. ಮುಖದಲ್ಲಿ ನಯವಾದ ನೆರಳು, ಕೋಟಿಗೆ ಬರುವಷ್ಟರಲ್ಲಿ ಬಹುಪಾಲು ಬರೀ ಗೆರೆ. ಎಲ್ಲವನ್ನೂ ಮುಖದಷ್ಟೇ ತಿದ್ದಿದ್ದರೆ ಕಣ್ಣು ಎಲ್ಲಿ ನಿಲ್ಲಬೇಕಿತ್ತು?

ಹಾಳೆಯನ್ನು ತಲೆಕೆಳಗೆ ಮಾಡಿ ನೋಡಿ, ಕನ್ನಡಿಯಲ್ಲಿ ನೋಡಿ. ಓರೆಕೋರೆ ಇದ್ದರೆ ತಕ್ಷಣ ಕಾಣುತ್ತದೆ. ಇನ್ನೇನು ಮಾಡಲಿ ಅಂತ ಹುಡುಕಲು ಶುರುಮಾಡಿದಿರಾ? ಪೆನ್ಸಿಲ್ ಕೆಳಗಿಡಿ. ಫಿಕ್ಸೇಟಿವ್ (ಪೆನ್ಸಿಲ್ ಗುರುತು ಅಳಿಸಿಹೋಗದಂತೆ ಹಿಡಿದಿಡುವ ಸ್ಪ್ರೇ) ಇದ್ದರೆ ಒಂದಡಿ ದೂರದಿಂದ ಎರಡು ತೆಳು ಪದರ ಹೊಡೆಯಿರಿ, ಇಲ್ಲದಿದ್ದರೆ ಮೇಲೊಂದು ಬಟರ್ ಪೇಪರ್ ಮುಚ್ಚಿ. ಫ್ರೇಮ್ ಹಾಕಿಸುವಾಗ ಸುತ್ತ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು, ಕೊಡಿಸಿ, ಗಾಜು ಚಿತ್ರಕ್ಕೆ ತಾಗಬಾರದು.

"ತಮಾ, ಇನ್ನೂ ಮುಗೀಲಿಲ್ವಾ?" ಅಂತ ಮೂರು ಸಲ ಕೇಳಿದ್ದ ದೊಡ್ಡಮ್ಮ ಕೊನೆಗೆ ಹಾಳೆ ಇಸಿದುಕೊಂಡು, ಕೈ ಉದ್ದ ಮಾಡಿ ದೂರ ಹಿಡಿದು ನೋಡಿದರು. ಮುಖದ ಬಗ್ಗೆ ಏನೂ ಹೇಳಲಿಲ್ಲ. "ಸೆರಗು ಅರ್ಧಕ್ಕೇ ಬಿಟ್ಟಿದ್ದೀಯಲ್ಲೋ, ಅಂಚಿನ ಡಿಸೈನೂ ಇಲ್ಲ. ಮುಗಿಸಿ ಕೊಡು" ಅಂದರು. ನಾಳೆ ಅಂದೆ. ಇವತ್ತಿಗೂ ಮುಗಿಸಿಲ್ಲ.